ಬೋರ್ಡೋ: ನಮ್ಮ ಕೊಳೆ ಔಷಧಿಯ ತವರೂರು ಮತ್ತು ಅಲ್ಲಿಯ ಕೆಂಪು ವೈನ್



ಮೇ ತಿಂಗಳು ಬಂತೆಂದರೆ ನಮ್ಮ ಸಂಘದ ಗೋದಾಮಿನ ಮುಂದೆ ಮೈಲುತುತ್ತದ ಚೀಲಗಳಿಗಾಗಿ ಸಾಲು ನಿಲ್ಲುತ್ತದೆ. ಅಡಿಕೆಯ ಕೊಳೆರೋಗಕ್ಕೂ, ಅರೇಬಿಕಾ ಕಾಫಿಯ ಎಲೆ ತುಕ್ಕು ರೋಗಕ್ಕೂ ನಾವೆಲ್ಲರೂ ಬೋರ್ಡೋ ದ್ರಾವಣ ಹೊಡೆಯುವವರೇ. ಹೆಸರು ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುತ್ತದೆ. ಆದರೆ ಈ ಬೋರ್ಡೋ ಎಂದರೇನು, ಯಾರ ಹೆಸರು, ಯಾವ ಊರು ಎಂದು ಕಳೆದ ವಾರ್ಷಿಕ ಸಭೆಯ ದಿನ ಒಬ್ಬ ಕಿರಿಯ ಸದಸ್ಯರು ಕೇಳಿದಾಗ, ಅಲ್ಲಿದ್ದವರಲ್ಲಿ ಹೆಚ್ಚಿನವರು ಅದು ಯಾವುದೋ ಔಷಧಿ ಕಂಪನಿಯ ಹೆಸರೆಂದೇ ತಿಳಿದಿದ್ದರು. ಆ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆಯುತ್ತಿದ್ದೇನೆ.

ಬೋರ್ಡೋ ಎಂಬುದು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿರುವ ಒಂದು ಬಂದರು ಪಟ್ಟಣ. ಅದರ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ತಯಾರಾಗುವ ಕೆಂಪು ವೈನ್ ಜಗತ್ಪ್ರಸಿದ್ಧ. ಆ ದ್ರಾಕ್ಷಿಗೆ ಬಂದ ರೋಗಕ್ಕೆ ಅಲ್ಲಿಯವರು ಕಂಡುಕೊಂಡ ಮದ್ದೇ ಇಂದು ನಮ್ಮ ಅಡಿಕೆ ಕೊನೆಯ ಮೇಲೆ ನೀಲಿಯಾಗಿ ಕೂತಿದೆ. ವೈನ್ ವಿಷಯ ಬರೆಯುತ್ತಾನೆಂದು ಹಿರಿಯರು ಹುಬ್ಬು ಗಂಟಿಕ್ಕಬಾರದು. ಯಾರನ್ನೂ ಕುಡಿಯಲು ಪ್ರೇರೇಪಿಸುವ ಉದ್ದೇಶ ಇಲ್ಲಿಲ್ಲ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ನಿರಪಾಯಕರವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಒಬ್ಬ ಬೆಳೆಗಾರನು ಇನ್ನೊಬ್ಬ ಬೆಳೆಗಾರನ ಕಸುಬನ್ನು ತಿಳಿದುಕೊಳ್ಳುವ ದೃಷ್ಟಿಯಿಂದ ಇದನ್ನು ಓದಬೇಕಾಗಿ ಕೋರಿಕೆ.

ಪ್ರದೇಶ ಮತ್ತು ಮಣ್ಣು

ಗಾರೋನ್ ಮತ್ತು ದೋರ್ದೋನ್ಯ ಎಂಬ ಎರಡು ನದಿಗಳು ಬೋರ್ಡೋ ಪಟ್ಟಣದಿಂದ ಸ್ವಲ್ಪ ಕೆಳಗೆ ಕೂಡಿ, ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಈ ಅಳಿವೆಯ ಎಡದಂಡೆಯ ಉದ್ದನೆಯ ಪಟ್ಟಿಗೆ ಮೆದೋಕ್ ಎಂದು ಹೆಸರು. ಪೊಯಾಕ್, ಮಾರ್ಗೋ, ಸೇಂಟ್ ಜೂಲಿಯನ್ ಮುಂತಾದ ಹೆಸರಾಂತ ಗ್ರಾಮಗಳು ಇಲ್ಲಿವೆ. ದೋರ್ದೋನ್ಯದ ಬಲದಂಡೆಯ ಕಡೆಗೆ ಸೇಂಟ್ ಎಮಿಲಿಯೋನ್ ಮತ್ತು ಪೊಮೆರೋಲ್ ಇವೆ.

ಮೆದೋಕ್ ಹಿಂದೆ ಜೌಗು ನೆಲವಾಗಿತ್ತು. 17ನೆಯ ಶತಮಾನದಲ್ಲಿ ಡಚ್ಚರ ಇಂಜಿನಿಯರುಗಳು ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ದ್ರಾಕ್ಷಿ ಬಂತು. ಅಲ್ಲಿಯ ದಿಬ್ಬಗಳ ಮಣ್ಣನ್ನು ನೋಡಿದರೆ ನಮ್ಮವರು ಅಡಿಕೆ ಸಸಿ ಇಡುವುದಿರಲಿ, ಗೇರು ಹಾಕಲೂ ಹಿಂದೆಮುಂದೆ ನೋಡಿಯಾರು. ನದಿ ತಂದು ಹಾಕಿದ ಉರುಟು ಬೆಣಚು ಜಲ್ಲಿಯೇ ಆಳದವರೆಗೆ ಇದೆ. ಸಾರ ಕಡಿಮೆ. ಆದರೆ ಮಳೆಯ ನೀರು ಅರೆ ಗಳಿಗೆಯೂ ನಿಲ್ಲುವುದಿಲ್ಲ, ಹಗಲು ಕಾದ ಕಲ್ಲು ರಾತ್ರಿ ಶಾಖವನ್ನು ಬಳ್ಳಿಗೆ ಕೊಡುತ್ತದೆ, ಬೇರು ನೀರು ಹುಡುಕುತ್ತ ಆಳಕ್ಕೆ ಇಳಿಯುತ್ತದೆ. ಬಲದಂಡೆಯಲ್ಲಿ ಜೇಡಿಮಣ್ಣು ಮತ್ತು ಸುಣ್ಣಕಲ್ಲಿನ ನೆಲವಿದೆ. ಇದು ತಂಪು, ನೀರು ಹಿಡಿಯುತ್ತದೆ. ಬಸಿಗಾಲುವೆ ಸರಿಯಿಲ್ಲದ ತೋಟ ಎಷ್ಟು ಗೊಬ್ಬರ ಹಾಕಿದರೂ ಏಳುವುದಿಲ್ಲವೆಂಬ ನಮ್ಮ ಅನುಭವ ಅವರದೂ ಹೌದು.

ಅಲ್ಲಿಯ ಮಳೆ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಾತ್ರ. ಆದರೆ ನಮ್ಮಂತೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯದೆ ವರ್ಷವಿಡೀ ಹಂಚಿ ಬರುತ್ತದೆ. ಸಮುದ್ರದ ತೇವ ಸದಾ ಇದ್ದೇ ಇರುತ್ತದೆ. ಆದುದರಿಂದಲೇ ಬೂಷ್ಟಿನ ರೋಗಗಳ ಕಾಟ ಹೆಚ್ಚು. ಪಶ್ಚಿಮದ ಪೈನ್ ಮರದ ಕಾಡು ಸಮುದ್ರದ ಗಾಳಿಯನ್ನು ಸ್ವಲ್ಪ ತಡೆಯುತ್ತದೆ. ಹಿಮ ಬಿದ್ದರೆ ಮಾತ್ರ ತಡೆಯುವವರಿಲ್ಲ. 1956ರ ಫೆಬ್ರುವರಿಯ ಚಳಿಗೆ ಸಾವಿರಾರು ಎಕರೆ ಬಳ್ಳಿ ಬುಡಸಹಿತ ಸತ್ತಿತ್ತು.

ದ್ರಾಕ್ಷಿಯ ತಳಿಗಳು

ಬೋರ್ಡೋ ಕೆಂಪು ವೈನ್ ಸಾಮಾನ್ಯವಾಗಿ ಒಂದೇ ತಳಿಯ ವೈನ್ ಅಲ್ಲ. ಎರಡು ಮೂರು ತಳಿಗಳನ್ನು ಬೇರೆ ಬೇರೆಯಾಗಿ ಹುಳಿಯಿಸಿ, ಆಮೇಲೆ ಹದವರಿತು ಕೂಡಿಸುತ್ತಾರೆ. ಮುಖ್ಯ ತಳಿಗಳು ಇವು:

1. ಕ್ಯಾಬರ್ನೆ ಸಾವಿನ್ಯೋನ್. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಒಗರು ಹೆಚ್ಚು. ತಡವಾಗಿ ಹಣ್ಣಾಗುವುದರಿಂದ ಮೆದೋಕ್‌ನ ಬೆಚ್ಚನೆಯ ಜಲ್ಲಿ ನೆಲಕ್ಕೆ ಹೊಂದುತ್ತದೆ. ಇದರ ವೈನ್ ಎಳೆಯದರಲ್ಲಿ ಒರಟು. ವರ್ಷ ಕಳೆದಂತೆ ಪಕ್ವವಾಗುತ್ತದೆ.

2. ಮೆರ್ಲೋ. ಬೇಗ ಹಣ್ಣಾಗುತ್ತದೆ, ಜೇಡಿಮಣ್ಣು ಒಗ್ಗುತ್ತದೆ, ವೈನ್ ಮೃದು. ಇಡೀ ಬೋರ್ಡೋ ಪ್ರಾಂತದಲ್ಲಿ ಅತಿ ಹೆಚ್ಚು ನೆಟ್ಟಿರುವ ತಳಿ ಇದೇ. ಬಲದಂಡೆಯ ವೈನುಗಳಲ್ಲಿ ಇದರದೇ ದೊಡ್ಡ ಪಾಲು.

3. ಕ್ಯಾಬರ್ನೆ ಫ್ರಾಂಕ್. ಪರಿಮಳಕ್ಕಾಗಿ ಸೇರಿಸುತ್ತಾರೆ. 

4. ಪೆಟಿ ವರ್ಡೋ, ಮಾಲ್ಬೆಕ್ ಮುಂತಾದವು. ಒಗ್ಗರಣೆಯಷ್ಟೇ ಪ್ರಮಾಣ.

ಈ ತಳಿಗಳ ವಂಶಾವಳಿಯೂ ಸ್ವಾರಸ್ಯಕರ. ಕ್ಯಾಬರ್ನೆ ಸಾವಿನ್ಯೋನ್ ತಳಿಯ ತಂದೆ ತಾಯಿ ಯಾರೆಂದು ಬಹುಕಾಲ ಗೊತ್ತಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದವರು 1990ರ ದಶಕದಲ್ಲಿ ಡಿ.ಎನ್.ಎ. ಪರೀಕ್ಷೆ ಮಾಡಿ, ಅದು ಕೆಂಪು ಜಾತಿಯ ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ಜಾತಿಯ ಸಾವಿನ್ಯೋನ್ ಬ್ಲಾಂಕ್ ಇವೆರಡರ ಸ್ವಾಭಾವಿಕ ಸಂಕರವೆಂದು ತೋರಿಸಿದರು. ಮೆರ್ಲೋ ಕೂಡ ಕ್ಯಾಬರ್ನೆ ಫ್ರಾಂಕ್‌ನ ಸಂತಾನವೇ. ಹೀಗೆ ಈ ಎರಡೂ ಒಂದು ಕಡೆಯಿಂದ ಒಡಹುಟ್ಟಿದವು. ನಮ್ಮ ರಾಜ್ಯದಲ್ಲಿಯೂ ನಂದಿಬೆಟ್ಟದ ತಪ್ಪಲಿನಲ್ಲಿ ಕ್ಯಾಬರ್ನೆ ಸಾವಿನ್ಯೋನ್ ಬೆಳೆಯುವವರಿದ್ದಾರೆ.

ಒಂದಕ್ಕಿಂತ ಹೆಚ್ಚು ತಳಿ ಇಡುವುದಕ್ಕೆ ರುಚಿಯೊಂದೇ ಕಾರಣವಲ್ಲ. ಹೂ ಬಿಡುವಾಗ ಮಳೆ ಬಂದು ಮೆರ್ಲೋ ಉದುರಿದ ವರ್ಷ ಕ್ಯಾಬರ್ನೆ ಕೈ ಹಿಡಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಮಳೆ ಹಿಡಿದು ಕ್ಯಾಬರ್ನೆ ಕೆಟ್ಟರೆ, ಮೊದಲೇ ಕೊಯ್ದ ಮೆರ್ಲೋ ಒಳಗೆ ಸೇರಿರುತ್ತದೆ. ಕಾಫಿ, ಅಡಿಕೆ, ಕಾಳುಮೆಣಸು ಮೂರನ್ನೂ ಒಂದೇ ತೋಟದಲ್ಲಿ ಇಟ್ಟ ನಮ್ಮ ಅಜ್ಜಂದಿರ ಲೆಕ್ಕಾಚಾರವೂ ಇದೇ ಅಲ್ಲವೇ?

ತಯಾರಿಸುವ ಕ್ರಮ

ಕೊಯ್ಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ. ಗೊಂಚಲಿನಿಂದ ತೊಟ್ಟು ಬಿಡಿಸಿ, ಹಣ್ಣನ್ನು ಸ್ವಲ್ಪ ಒಡೆದು ದೊಡ್ಡ ತೊಟ್ಟಿಗಳಿಗೆ ತುಂಬುತ್ತಾರೆ. ಇಂತಹ ಕಪ್ಪು ದ್ರಾಕ್ಷಿಯ ರಸಕ್ಕೆ ತನ್ನದೇ ಬಣ್ಣವಿಲ್ಲ. ಬಣ್ಣವೂ ಒಗರೂ ಸಿಪ್ಪೆ ಬೀಜಗಳಲ್ಲಿವೆ. ಆದುದರಿಂದ ಸಿಪ್ಪೆ ಸಮೇತ ಹುಳಿಯಿಸಿದರೆ ಕೆಂಪು ವೈನ್ ಆಗುತ್ತದೆ.

ಯೀಸ್ಟ್ ಎಂಬ ಸೂಕ್ಷ್ಮ ಜೀವಿ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಒಂದು ಶೇಕಡ ಮದ್ಯಸಾರವಾಗುತ್ತದೆ. ಕೆಂಪು ಬೋರ್ಡೋ ಸಾಮಾನ್ಯವಾಗಿ 13 ಶೇಕಡದ ಆಸುಪಾಸಿನದು. ತೊಟ್ಟಿಯ ಉಷ್ಣಾಂಶ 25ರಿಂದ 30 ಡಿಗ್ರಿಯೊಳಗೆ ಇರಬೇಕು. ಮಿತಿಮೀರಿದರೆ ಯೀಸ್ಟ್ ಸಾಯುತ್ತದೆ, ಸಕ್ಕರೆ ಉಳಿಯುತ್ತದೆ, ವೈನ್ ಕೆಡುತ್ತದೆ. ಪಲ್ಪರ್‌ನಿಂದ ಬಂದ ಕಾಫಿ ಬೀಜದ ಲೋಳೆ ಬಿಡಿಸಲು ತೊಟ್ಟಿಯಲ್ಲಿ ಇಟ್ಟು ರಾತ್ರಿಯಲ್ಲಿ ಎದ್ದು ಕೈಹಾಕಿ ನೋಡುವ ನಮ್ಮವರಿಗೆ ಈ ಆತಂಕವನ್ನು ವಿವರಿಸಬೇಕಾಗಿಲ್ಲ. ಗಂಟೆ ಮೀರಿದರೆ ಪಾರ್ಚ್‌ಮೆಂಟಿಗೆ ಹುಳಿ ವಾಸನೆ ಹಿಡಿಯುವುದನ್ನು ನಾವು ಬಲ್ಲೆವು.

ಎರಡು ಮೂರು ವಾರಗಳ ನಂತರ ಸಿಪ್ಪೆ ಬೇರ್ಪಡಿಸಿ, ಓಕ್ ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಒಂದು ಪೀಪಾಯಿಗೆ 225 ಲೀಟರ್, ಎಂದರೆ ಸರಿಯಾಗಿ 300 ಬಾಟಲಿ. ಒಳ್ಳೆಯ ವೈನ್ ಇದರಲ್ಲಿ ಒಂದರಿಂದ ಎರಡು ವರ್ಷ ಕೂರುತ್ತದೆ. ನಡುನಡುವೆ ಗಷ್ಟು ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯುತ್ತಾರೆ. ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನು ಕಲಸುವ ಹಳೆಯ ಪದ್ಧತಿಯೂ ಉಂಟು. ಅದು ಹೆಚ್ಚುವರಿ ಒಗರನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ.

ಒಗರು ಮತ್ತು ಊಟ

ಕೆಂಪು ವೈನಿನ ಜೀವಾಳ ಒಗರು. ಶಾಸ್ತ್ರದಲ್ಲಿ ಅದಕ್ಕೆ ಟ್ಯಾನಿನ್ ಎನ್ನುತ್ತಾರೆ. ಅಡಿಕೆ ಬೇಯಿಸಿ ಚೊಗರು ತೆಗೆಯುವವರಿಗೆ ಇದು ಹೊಸ ಪದಾರ್ಥವಲ್ಲ. ಎಳೆಯ ಅಡಿಕೆಯಲ್ಲಿ ಟ್ಯಾನಿನ್ ಹೆಚ್ಚು, ಬಲಿತಂತೆ ಕಡಿಮೆ. ದ್ರಾಕ್ಷಿ ಬೀಜದ ಒಗರು ಸಹ ಹಣ್ಣಾದಂತೆ ಸೌಮ್ಯವಾಗುತ್ತದೆ. ಅಲ್ಲಿಯ ಬೆಳೆಗಾರ ಕೊಯ್ಲಿನ ದಿನ ನಿಶ್ಚಯಿಸುವ ಮೊದಲು ಬೀಜವನ್ನು ಜಗಿದು ನೋಡುವುದು ಇದಕ್ಕೇ.

ಈ ಒಗರು ನಮ್ಮ ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ ಒರಟಾದಂತೆ ಆಗುತ್ತದೆ. ಮಾಂಸ, ಗಿಣ್ಣುಬೆಣ್ಣೆಯಂತಹ ಚೀಸ್ ಜೊತೆಯಲ್ಲಿದ್ದರೆ ಟ್ಯಾನಿನ್ ಆ ಪ್ರೋಟೀನನ್ನು ಹಿಡಿಯುತ್ತದೆ, ನಾಲಿಗೆಯನ್ನು ಬಿಡುತ್ತದೆ. ವೈನ್ ಮೃದುವಾಗಿ ತೋರುತ್ತದೆ, ಜಿಡ್ಡೂ ಕಡಿಮೆಯೆನಿಸುತ್ತದೆ. ಹೀಗಾಗಿ ಆ ಸೀಮೆಯ ಊಟದ ಕ್ರಮ ಹೀಗಿದೆ:

ಪೊಯಾಕ್ ಗ್ರಾಮದ ಹಾಲುಕುರಿಯ ಮಾಂಸ ಮೆದೋಕ್ ವೈನಿಗೆ ಹೇಳಿಮಾಡಿಸಿದ ಜೊತೆಯೆಂದು ಎಣಿಕೆ. ಚಾಟಣಿ ಮಾಡಿದ ಬಳ್ಳಿಯ ಒಣ ಕಡ್ಡಿಗಳ ಕೆಂಡದಲ್ಲಿ ದನದ ಮಾಂಸವನ್ನು ಸುಟ್ಟು, ಸಣ್ಣ ಈರುಳ್ಳಿಯೊಂದಿಗೆ ಬಡಿಸುವುದು ಅಲ್ಲಿಯ ತೋಟದ ಮನೆಗಳ ರೂಢಿ. ತೋಟದ ಕಸವೂ ಹಾಳಾಗುವುದಿಲ್ಲ. ಅಳಿವೆಯಲ್ಲಿ ಸಿಗುವ ಲ್ಯಾಂಪ್ರೆ ಎಂಬ ಹಾವಿನಂತಹ ಮೀನನ್ನು ಕೆಂಪು ವೈನಿನಲ್ಲಿಯೇ ಬೇಯಿಸುತ್ತಾರೆ. ಬೇರೆ ಮೀನಿಗೆ ಕೆಂಪು ವೈನ್ ಅಷ್ಟಾಗಿ ಒಗ್ಗದು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಸಮುದ್ರದ ಚಿಪ್ಪಿಗೆ ಬಿಳಿ ವೈನ್. ಮಾಂಸ ತಿನ್ನದವರಿಗೆ ಮಳೆಗಾಲದ ಕಾಡಣಬೆಯನ್ನು ಬೆಳ್ಳುಳ್ಳಿ ಹಾಕಿ ಹುರಿದದ್ದು, ಹಳತಾದ ಗಟ್ಟಿ ಚೀಸ್ ಇವು ಒಪ್ಪುತ್ತವೆ. ಖಾರದ ಸಾರಿನೊಂದಿಗೆ ಒಗರು ವೈನ್ ಸೇರಿದರೆ ಉರಿ ಇಮ್ಮಡಿಯಾಗುತ್ತದೆ. ಆದುದರಿಂದ ನಮ್ಮ ಊಟಕ್ಕೆ ಇದು ಸಹಜವಾದ ಜೊತೆಯಲ್ಲ.

ಬೋರ್ಡೋ ಪಟ್ಟಣದ ಕನೆಲೆ ಎಂಬ ಸಣ್ಣ ಸಿಹಿತಿಂಡಿಗೆ ಮೊಟ್ಟೆಯ ಹಳದಿ ಬೇಕು. ವೈನ್ ತಿಳಿಗೊಳಿಸಲು ಬಿಳಿ ತೆಗೆದ ಮೇಲೆ ಉಳಿದ ಹಳದಿಯಿಂದ ಅದು ಹುಟ್ಟಿತೆಂದು ಅಲ್ಲಿಯವರು ಕಥೆ ಹೇಳುತ್ತಾರೆ.

ಕಳ್ಳರ ಭಯದಿಂದ ಸಿಕ್ಕಿದ ಮದ್ದು

ಈಗ ಮೂಲ ಪ್ರಶ್ನೆಗೆ ಬರೋಣ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಆ ಬೆಳೆಗಾರರ ಮೇಲೆ ಮೂರು ಪಿಡುಗುಗಳು ಒಂದರ ಹಿಂದೊಂದು ಎರಗಿದವು. ಮೂರೂ ಅಮೆರಿಕದಿಂದ ಬಂದವು.

ಮೊದಲನೆಯದು 1850ರ ದಶಕದ ಬೂದಿರೋಗ. ಗಂಧಕದ ಪುಡಿಯಿಂದ ಅದು ಹತೋಟಿಗೆ ಬಂತು. ಎರಡನೆಯದು ಬೇರು ತಿನ್ನುವ ಫಿಲಾಕ್ಸೆರ ಎಂಬ ಅತಿ ಸೂಕ್ಷ್ಮ ಹೇನು. ಇದು ಫ್ರಾನ್ಸಿನ ದ್ರಾಕ್ಷಿಯನ್ನು ಬಹುಮಟ್ಟಿಗೆ ನಾಶಮಾಡಿತು. ಕೊನೆಗೆ, ಹೇನನ್ನು ತಡೆದುಕೊಳ್ಳುವ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಫ್ರೆಂಚ್ ತಳಿಯ ಕಸಿ ಕಟ್ಟಿ ಬದುಕಿಕೊಂಡರು. ಸೊರಗು ರೋಗಕ್ಕೆ ಹೆದರಿ ನಾವು ಕಾಳುಮೆಣಸನ್ನು ಬ್ರೆಜಿಲಿನ ಹಿಪ್ಪಲಿಯ ಮೇಲೆ ಕಸಿ ಕಟ್ಟುವುದೂ ಇದೇ ತತ್ತ್ವ.

ಮೂರನೆಯದು 1878ರಲ್ಲಿ ಕಾಣಿಸಿಕೊಂಡ ಕೆಳಬೂಷ್ಟು ರೋಗ. ಎಲೆಯ ಅಡಿಯಲ್ಲಿ ಬಿಳಿ ಬೂಷ್ಟು ಹಿಡಿದು ಎಲೆ ಉದುರಿ, ಹಣ್ಣು ಮಾಗದೆ ಉಳಿಯುತ್ತಿತ್ತು. ಇದರ ರೋಗಾಣು ನಮ್ಮ ಕೊಳೆರೋಗದ ಫೈಟಾಫ್ತೊರದ ಹತ್ತಿರದ ಸಂಬಂಧಿ.

1882ರ ಅಕ್ಟೋಬರಿನಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿಯೆರ್ ಮಿಲಾರ್ಡೆ ಎಂಬುವರು ಸೇಂಟ್ ಜೂಲಿಯನ್ ಗ್ರಾಮದ ರಸ್ತೆಯಲ್ಲಿ ಹೋಗುತ್ತಿದ್ದರು. ಎಲ್ಲೆಡೆ ಎಲೆ ಉದುರಿದ್ದರೂ ರಸ್ತೆಯಂಚಿನ ಕೆಲವು ಸಾಲುಗಳು ಮಾತ್ರ ಹಸುರಾಗಿದ್ದವು. ಎಲೆಯ ಮೇಲೆ ನೀಲಿ ಬಣ್ಣದ ಪದಾರ್ಥ ಅಂಟಿತ್ತು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಂತೆ ಹೆದರಿಸಲು, ವಿಷದಂತೆ ಕಾಣಲೆಂದು, ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುವುದು ಆ ಸೀಮೆಯ ವಾಡಿಕೆಯೆಂದು ತಿಳಿಯಿತು. ಅವರು ತೋಟದ ಮೇಲ್ವಿಚಾರಕ ಅರ್ನೆಸ್ಟ್ ಡೇವಿಡ್ ಮತ್ತು ರಸಾಯನ ಶಾಸ್ತ್ರಜ್ಞ ಯುಲಿಸ್ ಗಯೋನ್ ಇವರ ಸಹಾಯದಿಂದ ಪ್ರಯೋಗ ನಡೆಸಿ, 1885ರಲ್ಲಿ ಕ್ರಮವನ್ನು ಪ್ರಕಟಿಸಿದರು. ಮೊದಲ ಪಾಕ ಬಹಳ ಗಟ್ಟಿಯಾಗಿತ್ತು. 100 ಲೀಟರ್ ನೀರಿಗೆ 8 ಕಿಲೊ ಮೈಲುತುತ್ತ, ಬೇರೆ 30 ಲೀಟರ್ ನೀರಿನಲ್ಲಿ 15 ಕಿಲೊ ಸುಣ್ಣ. ಅದನ್ನು ಸಣ್ಣ ಪೊರಕೆಯಿಂದ ಎಲೆಗೆ ಚಿಮುಕಿಸುತ್ತಿದ್ದರು.

ನಮ್ಮಲ್ಲಿ ಕೊಳೆಗೆ ಕೊಟ್ಟೆ ಕಟ್ಟುವುದೊಂದೇ ಗತಿಯಾಗಿದ್ದ ಕಾಲದಲ್ಲಿ, ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ಗ್ರಂಥ ಪ್ರಕಟಿಸಿದರು, ಮಳೆಗಾಲಕ್ಕೆ ಮುಂಚೆ ಕೊನೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದುದೂ ಅವರ ಕಾಲದಲ್ಲಿಯೇ.

ನಾನು ತಪ್ಪಿದ ವರ್ಷ

1994ರಲ್ಲಿ, ಬಿ.ಎಸ್ಸಿ. ಮುಗಿಸಿ ಮನೆಗೆ ಬಂದ ಮೂರನೆಯ ವರ್ಷ, ತೀರ್ಥರೂಪರು ಮದ್ದು ಹೊಡೆಸುವ ಕೆಲಸವನ್ನು ನನಗೆ ವಹಿಸಿದರು. ಮಳೆ ಹತ್ತಿರ ಬಂದಿತ್ತು, ಕೊನೆಗಾರನಿಗೆ ಇನ್ನೊಂದು ತೋಟಕ್ಕೆ ಹೋಗುವ ಅವಸರ. ಕೊಟ್ಟಿಗೆಯ ಮೂಲೆಯಲ್ಲಿ ಹಿಂದಿನ ವರ್ಷದ ಸುಣ್ಣದ ಚೀಲವಿತ್ತು, ಗಾಳಿ ತಾಗಿ ಪುಡಿಯಾಗಿತ್ತು. ನಾನು ತೂಕ ಸರಿಯಾಗಿ ನೋಡಿ ಅದನ್ನೇ ಹಾಕಿಸಿದೆ. ಅಪ್ಪಯ್ಯ ಜಗಲಿಯಿಂದ, "ಕತ್ತಿ ಅದ್ದಿ ನೋಡಿದ್ಯೇನೋ?" ಎಂದು ಕೇಳಿದರು. "ತೂಕ ಸರಿಯಿದೆ ಅಪ್ಪಯ್ಯ, ಕತ್ತಿಯೇನೂ ಬೇಡ" ಎಂದೆ. ರಸಾಯನ ಶಾಸ್ತ್ರ ಓದಿದವನೆಂಬ ಜಂಬ. ಅವರು ಮತ್ತೆ ಮಾತಾಡಲಿಲ್ಲ.

ಗಾಳಿ ತಾಗಿದ ಸುಣ್ಣ ಸತ್ತ ಸುಣ್ಣ. ಅದು ಮೈಲುತುತ್ತವನ್ನು ಪೂರ್ತಿ ಹಿಡಿಯುವುದಿಲ್ಲ. ಉಳಿದ ಮೈಲುತುತ್ತ ಎಳೆ ಮಿಡಿಯನ್ನು ಸುಟ್ಟಿತು. ನೀರಿನಲ್ಲಿ ಕರಗುವ ಗುಣವಿದ್ದುದರಿಂದ ಮೊದಲ ವಾರದ ಮಳೆಗೇ ತೊಳೆದುಹೋಯಿತು. ಆಗಸ್ಟಿನಲ್ಲಿ ಬೆಳಗ್ಗೆ ತೋಟಕ್ಕೆ ಹೋದರೆ ಪ್ರತಿ ಮರದ ಬುಡದಲ್ಲಿ ಕೊಳೆತ ಅಡಿಕೆ ಹಾಸಿಕೊಂಡಿರುತ್ತಿತ್ತು. ಅರ್ಧಕ್ಕೂ ಹೆಚ್ಚು ಬೆಳೆ ಹೋಯಿತು. ತಂಗಿಯ ಮದುವೆಯನ್ನು ಒಂದು ವರ್ಷ ಮುಂದೆ ಹಾಕಬೇಕಾಯಿತು. ಅಪ್ಪಯ್ಯ ಬೈಯಲಿಲ್ಲ. ಮರುವರ್ಷ ಕಲಸುವ ದಿನ ಕತ್ತಿಯನ್ನು ತಂದು ನನ್ನ ಕೈಗೆ ಕೊಟ್ಟರು, ಅಷ್ಟೇ.

ಆದುದರಿಂದ ಎಲ್ಲರಿಗೂ ಗೊತ್ತಿರುವ ಕ್ರಮವನ್ನೇ ಮತ್ತೆ ಬರೆಯುತ್ತೇನೆ. ಒಂದು ಕಿಲೊ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೊ ಹೊಸ ಸುಟ್ಟ ಸುಣ್ಣವನ್ನು ಅರಳಿಸಿ ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ ಸೋಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ತಿರುವುತ್ತ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನಗಳ ನಂತರ ಹೊಳವು ಸಿಕ್ಕಾಗ.

ಅತಿಯಾಗಿಯೂ ಹೊಡೆಯಬಾರದು. ತಾಮ್ರ ಮಣ್ಣಿನಲ್ಲಿ ಕರಗಿಹೋಗದೆ ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಹೊಡೆದ ಬೋರ್ಡೋ ತೋಟಗಳ ಅನುಭವದಿಂದ ಯೂರೋಪಿನವರು 2019ರಿಂದ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೊ ತಾಮ್ರದ ಮಿತಿ ಹಾಕಿಕೊಂಡರು.

ಹೆಸರಿನ ಬೆಲೆ

ಬೋರ್ಡೋ ವೈನಿನ ಹೆಸರು ಹಳೆಯದು. 1152ರಲ್ಲಿ ಆ ಸೀಮೆಯ ಒಡತಿ ಎಲಿನೋರ್ ಎಂಬಾಕೆ, ಎರಡು ವರ್ಷಗಳ ನಂತರ ಇಂಗ್ಲೆಂಡಿನ ದೊರೆಯಾದ ಹೆನ್ರಿಯನ್ನು ಮದುವೆಯಾದಳು. ಅಲ್ಲಿಂದ 1453ರವರೆಗೆ ಮುನ್ನೂರು ವರ್ಷ ಅದು ಇಂಗ್ಲಿಷರ ಕೈಯಲ್ಲಿದ್ದು, ವೈನ್ ಹಡಗುಹಡಗಾಗಿ ಇಂಗ್ಲೆಂಡಿಗೆ ಹೋಯಿತು. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು ಮೆದೋಕ್ ತೋಟಗಳನ್ನು ಐದು ದರ್ಜೆಗಳಲ್ಲಿ ಪಟ್ಟಿಮಾಡಿದರು. ಬಹುಕಾಲ ಯಾವ ತೋಟದ ಮಾಲಿಗೆ ಎಷ್ಟು ಧಾರಣೆ ಸಿಕ್ಕಿತ್ತೆಂಬುದೇ ಪಟ್ಟಿಗೆ ಆಧಾರ. ಮುಂದೆ 1973ರಲ್ಲಿ ಒಂದು ತೋಟ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿದ್ದನ್ನು ಬಿಟ್ಟರೆ ಯಾರ ದರ್ಜೆಯೂ ಬದಲಾಗಿಲ್ಲ.

ಆದರೆ ಪಟ್ಟಿಯಲ್ಲಿರುವವು ಸುಮಾರು ಅರುವತ್ತು ದೊಡ್ಡ ತೋಟಗಳು. ಉಳಿದ ಸಾವಿರಾರು ಸಣ್ಣ ಬೆಳೆಗಾರರ ಗತಿಯೇನು? 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ವೈನಿಗೆ ಕೇಳುವವರಿಲ್ಲದಾಗ, ಮೆದೋಕ್‌ನ ಸಣ್ಣ ಹಿಡುವಳಿದಾರರು ಸಹಕಾರಿ ಸಂಘಗಳನ್ನು ಕಟ್ಟಿ, ಸಾಮೂಹಿಕವಾಗಿ ವೈನ್ ತಯಾರಿಸತೊಡಗಿದರು. ಅದೇ ಕಾಲದಲ್ಲಿ, ಕೃಷಿ ಅಧ್ಯಾಪಕರಾಗಿದ್ದು ಸೆನೆಟರ್ ಆದ ಜೋಸೆಫ್ ಕಪ್ಯೂ ಎಂಬುವರು ಹೆಸರಿನ ರಕ್ಷಣೆಗಾಗಿ ಹೋರಾಡಿದರು. 1919ರ ಕಾನೂನು ಊರಿನ ಗಡಿಯನ್ನಷ್ಟೇ ನೋಡುತ್ತಿತ್ತು. ಗಡಿಯೊಳಗೆ ಜೌಗಿನಲ್ಲಿ ಯಾವ ಕಾಟು ತಳಿ ಬೆಳೆದರೂ ಅದೇ ಹೆಸರು ಸಿಗುತ್ತಿತ್ತು. ಹೆಸರು ಉಳಿಯಬೇಕಾದರೆ ಮಣ್ಣು, ತಳಿ, ಎಕರೆವಾರು ಇಳುವರಿಯ ಮಿತಿ, ತಯಾರಿಕೆಯ ಕ್ರಮ ಎಲ್ಲವೂ ನಿಗದಿಯಾಗಬೇಕೆಂದು ಅವರು ವಾದಿಸಿ ಗೆದ್ದರು. 1935ರಲ್ಲಿ ಆ ಕಾನೂನು ಬಂತು. ಮರುವರ್ಷ ಪೊಯಾಕ್, ಸೇಂಟ್ ಜೂಲಿಯನ್ ಮುಂತಾದ ಹೆಸರುಗಳು ಅದರಡಿ ಸೇರಿದವು.

ಕಾನೂನು ಇದ್ದ ಮಾತ್ರಕ್ಕೆ ಮೋಸ ನಿಲ್ಲಲಿಲ್ಲ. 1973ರಲ್ಲಿ ದಕ್ಷಿಣ ಫ್ರಾನ್ಸಿನ ಅಗ್ಗದ ವೈನಿಗೆ ಬೋರ್ಡೋ ಕಾಗದಪತ್ರ ಹಚ್ಚಿ ಮಾರಿದ್ದು ಬಯಲಾಯಿತು. ಮಾಡಿದವರು ಕೆಲವೇ ವ್ಯಾಪಾರಿಗಳು. ಮೊದಲೇ ಇಳಿಮುಖವಾಗಿದ್ದ ಪೇಟೆ ಕುಸಿದು, ಪೆಟ್ಟು ಬಿದ್ದದ್ದು ಏನೂ ಅರಿಯದ ಬೆಳೆಗಾರರಿಗೆ.

ಇನ್ನೊಂದು ಪಾಠವೂ ಇದೆ. ಒಳ್ಳೆಯ ಧಾರಣೆಯ ದಿನಗಳಲ್ಲಿ ಬೋರ್ಡೋದವರು ಸಿಕ್ಕಸಿಕ್ಕಲ್ಲಿ ದ್ರಾಕ್ಷಿ ಹಾಕಿದರು. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲೆಗೆ ವರ್ಷಕ್ಕೆ 100 ಲೀಟರಿಗೂ ಹೆಚ್ಚಿದ್ದ ವೈನ್ ಬಳಕೆ ಈಗ ಅದರ ಅರ್ಧಕ್ಕಿಂತ ಕಡಿಮೆಗೆ ಇಳಿದಿದೆ. ವಿದೇಶದ ಗಿರಾಕಿಗಳೂ ಕಡಿಮೆಯಾದರು. 2023ರಲ್ಲಿ ಅಲ್ಲಿಯ ಸರಕಾರ ಮತ್ತು ಬೆಳೆಗಾರ-ವ್ಯಾಪಾರಿಗಳ ಮಂಡಳಿ ಸೇರಿ, ಬಳ್ಳಿ ಕಿತ್ತುಹಾಕುವವರಿಗೆ ಹೆಕ್ಟೇರಿಗೆ 6,000 ಯೂರೊ ಕೊಡುವ ಯೋಜನೆ ತಂದವು. 9,500 ಹೆಕ್ಟೇರ್‌ವರೆಗೆ ಕೀಳಿಸುವುದು ಅದರ ಗುರಿಯಾಗಿತ್ತು. ಜಗತ್ತಿನ ಅತಿ ಪ್ರಸಿದ್ಧ ಹೆಸರನ್ನು ಹೊತ್ತ ತೋಟಕ್ಕೇ ಈ ಗತಿ ಬಂದಿತೆಂಬುದನ್ನು, ಗದ್ದೆಗೆಲ್ಲ ಅಡಿಕೆ ಸಸಿ ಇಡುತ್ತಿರುವ ನಾವು ಶಾಂತವಾಗಿ ಕೂತು ಯೋಚಿಸಬೇಕು.

ನಮ್ಮ ಮನೆಯ ಮಾತು

2019ರಲ್ಲಿ ಕೊಡಗು, ಚಿಕ್ಕಮಗಳೂರು ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ, ಶಿರಸಿ ಅಡಿಕೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಪ್ಯೂ ಅವರು ಕೇಳಿದ್ದಂತಹ ರಕ್ಷಣೆಯೇ ಇದು. ಆದರೆ ಕಾಗದ ಸಿಕ್ಕಿದ ಕೂಡಲೇ ಬೆಲೆ ಸಿಗುವುದಿಲ್ಲ. ಮಾಲು ಹೆಸರಿಗೆ ತಕ್ಕಂತಿರಬೇಕು.

ಕಳೆದ ಹಂಗಾಮಿನಲ್ಲಿ ನಮ್ಮ ಸಂಘದ ಒಂದು ಲಾಟು ಅಡಿಕೆ ಖರೀದಿದಾರರಿಂದ ಹಿಂದಕ್ಕೆ ಬಂದುದು ಹೆಚ್ಚಿನವರಿಗೆ ತಿಳಿದಿದೆ. ಇಪ್ಪತ್ತೆರಡು ಸದಸ್ಯರ ಮಾಲು ಅದರಲ್ಲಿತ್ತು. ಎರಡು ಚೀಲಗಳಲ್ಲಿ ಸರಿಯಾಗಿ ಒಣಗದ ಹಸಿ ಅಡಿಕೆ ಇತ್ತು. ಯಾರದೆಂದು ನಾನು ಬರೆಯುವುದಿಲ್ಲ, ಅವರೇ ಬಂದು ಒಪ್ಪಿಕೊಂಡಿದ್ದಾರೆ. ಚೀಲ ಬಿಚ್ಚಿ ನೋಡದೆ ಸೇರಿಸಿಕೊಂಡ ತಪ್ಪು ಕಾರ್ಯದರ್ಶಿಯಾದ ನನ್ನದೂ ಹೌದು. ಕ್ವಿಂಟಾಲಿಗೆ ಕಡಿತವಾದ ಹಣವನ್ನು ಇಪ್ಪತ್ತೆರಡು ಮನೆಗಳೂ ಹೊತ್ತವು. ಅದರಲ್ಲಿ ಎರಡು ಎಕರೆಯೂ ಇಲ್ಲದ ಒಬ್ಬ ವಿಧವೆಯ ಮನೆಯಿತ್ತು. ಸಹಕಾರದಲ್ಲಿ ಲಾಭ ಹಂಚಿಕೊಳ್ಳುವಂತೆ ನಷ್ಟವನ್ನೂ ಹಂಚಿಕೊಳ್ಳಬೇಕಾಗುತ್ತದೆ. ಆದುದರಿಂದ ಒಬ್ಬನ ಅಸಡ್ಡೆ ಅವನೊಬ್ಬನದೇ ಆಗಿ ಉಳಿಯುವುದಿಲ್ಲ.

ಆಡಳಿತ ಮಂಡಳಿಯ ತೀರ್ಮಾನದಂತೆ ಈ ಹಂಗಾಮಿನಿಂದ ಪ್ರತಿಯೊಂದು ಚೀಲವನ್ನೂ ಸದಸ್ಯರ ಎದುರಿನಲ್ಲೇ ಬಿಚ್ಚಿ, ತೇವ ಪರೀಕ್ಷಿಸಿ, ಆಮೇಲೆ ಲಾಟಿಗೆ ಸೇರಿಸಲಾಗುವುದು. ಪರೀಕ್ಷೆ ನನ್ನ ಚೀಲದಿಂದಲೇ ಆರಂಭವಾಗುತ್ತದೆ. ಅವಮಾನವೆಂದು ಯಾರೂ ಭಾವಿಸಬಾರದು. ದ್ರಾವಣಕ್ಕೆ ಕತ್ತಿ ಅದ್ದಿ ನೋಡುವುದು ಕಲಸಿದವನ ಮೇಲಿನ ಅಪನಂಬಿಕೆಯಿಂದಲ್ಲ, ಕೊನೆಯ ಮೇಲಿನ ಕಾಳಜಿಯಿಂದ.

ಮೈಲುತುತ್ತದ ಬೇಡಿಕೆಯನ್ನು ಈ ತಿಂಗಳ 20ರೊಳಗೆ ಕಚೇರಿಯಲ್ಲಿ ಬರೆಸುವುದು. ಸುಣ್ಣವನ್ನು ಮಾತ್ರ ದಯವಿಟ್ಟು ಹೊಸದಾಗಿಯೇ ಕೊಳ್ಳುವುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ